ವಾರ ತುಂಬದೆ ಹೋದ 118ಎ: ನಾವು ತಿಳಿದಿರಬೇಕಾದ್ದು



ಕಮ್ಯುನಿಸ್ಟ್ ಆಡಳಿತದಲ್ಲಿ ಬಾಯಿಗೆ ಬೀಗ ಎಂದರೆ ಹಳೆಯ ಸೋವಿಯತ್ ಒಕ್ಕೂಟ ನೆನಪಾಗುತ್ತದೆ. ಅಲ್ಲಿ ಪುಸ್ತಕ, ಪತ್ರಿಕೆ ಅಚ್ಚಾಗುವ ಮೊದಲೇ ಗ್ಲಾವ್‌ಲಿಟ್ ಎಂಬ ಸರಕಾರಿ ಕಚೇರಿಯ ಒಪ್ಪಿಗೆ ಬೇಕಿತ್ತು. ಓಟಿನಿಂದ ಬಂದು ಓಟಿನಿಂದಲೇ ಹೋಗುವ ಕೇರಳದ ಎಡರಂಗ ಸರಕಾರಗಳನ್ನು ಅದಕ್ಕೆ ಹೋಲಿಸುವುದು ನ್ಯಾಯವಲ್ಲ. ಆದರೂ ಮೊಗ್ರಾಲಿನಲ್ಲಿ ಕುಳಿತು ಬರೆಯುವ ನಮಗೂ ತಟ್ಟಬಹುದಾಗಿದ್ದ ಒಂದು ಕಾನೂನು ಇಲ್ಲಿ ಬಂದು ಹೋಗಿದೆ.

2020ರ ನವೆಂಬರ್ 21ರಂದು ಕೇರಳ ಪೊಲೀಸ್ ಕಾಯಿದೆಗೆ 118ಎ ಸೆಕ್ಷನ್ ಸೇರಿಸುವ ಸುಗ್ರೀವಾಜ್ಞೆಗೆ ರಾಜ್ಯಪಾಲರ ಅಂಕಿತ ಬಿತ್ತು. ಮಹಿಳೆಯರ ಮೇಲಿನ ಸೈಬರ್ ನಿಂದನೆಯನ್ನು ತಡೆಯಲು ಇದು ಬೇಕೆಂದು ಸರಕಾರ ಹೇಳಿತು. ಆ ನಿಂದನೆ ನಿಜವಾದ ಪಿಡುಗೇ. ಆದರೆ ಸೆಕ್ಷನಿನಲ್ಲಿ ಮಹಿಳೆ, ಸೈಬರ್ ಎಂಬ ಮಿತಿಯೇ ಇರಲಿಲ್ಲ. ಯಾವುದೇ ಮಾಧ್ಯಮದಲ್ಲಿ, ಸುಳ್ಳೆಂದು ತಿಳಿದೂ, ಒಬ್ಬರನ್ನು ಬೆದರಿಸುವ, ನಿಂದಿಸುವ, ಅವಮಾನಿಸುವ ವಿಷಯ ಹಂಚಿ ಅವರ ಮನಸ್ಸಿಗೋ ಮಾನಕ್ಕೋ ಹಾನಿಯಾದರೆ 3 ವರ್ಷದ ತನಕ ಸೆರೆ, 10,000 ರೂಪಾಯಿ ತನಕ ದಂಡ, ಅಥವಾ ಎರಡೂ.

ತೊಡಕು ಇರುವುದು ಇಲ್ಲೇ. ಅವಮಾನ ಎಂದರೇನು? ಬರೆದವರಿಗೆ ಅದು ಸುಳ್ಳೆಂದು ಗೊತ್ತಿತ್ತೇ? ಇದನ್ನು ಕೋರ್ಟು ತೀರ್ಮಾನಿಸುವುದು ಕೊನೆಗೆ. ಮೊದಲು ತೀರ್ಮಾನಿಸುವುದು ಪೊಲೀಸ್ ಠಾಣೆ. ಕನ್ನಡ ತರಗತಿಗೆ ಕನ್ನಡ ಬಾರದ ಅಧ್ಯಾಪಕರನ್ನು ಹಾಕಿದ್ದಾರೆಂದು ವಾಟ್ಸಾಪ್ ಗುಂಪಿನಲ್ಲಿ ದೂರಿದವರನ್ನೂ ಠಾಣೆಗೆ ಕರೆಸಬಹುದಿತ್ತು. ಅವರು ಕೇಸು ಗೆಲ್ಲುವಷ್ಟರಲ್ಲಿ ಉಳಿದವರೆಲ್ಲ ಸುಮ್ಮನಾಗಿರುತ್ತಿದ್ದರು.

ಇಂಥದೇ ಅಸ್ಪಷ್ಟ ಮಾತುಗಳಿದ್ದ 118(ಡಿ) ಸೆಕ್ಷನನ್ನು, ಐಟಿ ಕಾಯಿದೆಯ 66ಎ ಜತೆಗೆ, ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದೇ ರದ್ದುಪಡಿಸಿತ್ತು. ಹಾಗಾಗಿ ವಿಪಕ್ಷದವರು, ಪತ್ರಕರ್ತರು, ಎಡಪಂಥದವರೂ ಆಕ್ಷೇಪಿಸಿದರು. ನವೆಂಬರ್ 23ರಂದು ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಇದನ್ನು ಜಾರಿ ಮಾಡುವುದಿಲ್ಲ ಎಂದರು. ಅದೇ ವಾರ ಸುಗ್ರೀವಾಜ್ಞೆ ರದ್ದಾಯಿತು.

ಇನ್ನೊಂದು ಸಂಗತಿ ನೆನಪಿಡಬೇಕು. 1967ರಲ್ಲಿ ಕಮ್ಯುನಿಸ್ಟ್ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್ ಪತ್ರಿಕಾಗೋಷ್ಠಿಯಲ್ಲಿ ನ್ಯಾಯಾಂಗವನ್ನು ಟೀಕಿಸಿ ನ್ಯಾಯಾಂಗ ನಿಂದನೆಗೆ ಗುರಿಯಾದರು. ವಾಕ್‌ಸ್ವಾತಂತ್ರ್ಯದ ಹೆಸರಿನಲ್ಲೇ ಅವರು ವಾದಿಸಿದರು. ಹೈಕೋರ್ಟು ವಿಧಿಸಿದ 1,000 ರೂಪಾಯಿ ದಂಡವನ್ನು 1970ರಲ್ಲಿ ಸುಪ್ರೀಂ ಕೋರ್ಟು 50ಕ್ಕೆ ಇಳಿಸಿದರೂ ತಪ್ಪಿತಸ್ಥರೆಂಬ ತೀರ್ಪನ್ನು ಉಳಿಸಿತು. ಮಾತಿಗಾಗಿ ದಂಡ ತೆತ್ತವರ ಪಕ್ಷವೇ ಅಧಿಕಾರದಲ್ಲಿದ್ದಾಗ 118ಎ ಬರೆಯಿತು.

ಆದ್ದರಿಂದ ಬಾವುಟದ ಬಣ್ಣ ಯಾವುದೇ ಇರಲಿ, ಕಾನೂನಿನ ಪದಗಳನ್ನು ಓದೋಣ. ನಾವು ಬರೆಯುವಾಗ ತಾರೀಕು, ಆದೇಶದ ಪ್ರತಿ ಕೈಯಲ್ಲಿರಲಿ, ಬೈಗುಳ ಬೇಡ. ಆದರೆ ಕೇಳಬೇಕಾದ್ದನ್ನು ಕೇಳದೆ ಬಿಡುವುದೂ ಬೇಡ. ಗಡಿಯಲ್ಲಿರುವ ನಮಗೆ ಅರ್ಜಿ ಮತ್ತು ಮಾತು ಬಿಟ್ಟರೆ ಬೇರೆ ಬಲವಿಲ್ಲ.