ಸಕ್ಕರೆ ಅಚ್ಚು ಗಟ್ಟಿಯಾಗುವುದು ಹೇಗೆ?

ಸಂಕ್ರಾಂತಿ ಹತ್ತಿರವಾದಂತೆ ಮಂಡ್ಯ ಜಿಲ್ಲೆಯ ಹೊಣಕೆರೆ ಹೋಬಳಿಯಿಂದ ಶ್ರೀರಂಗಪಟ್ಟಣದವರೆಗೆ, ಆಚೆ ಪಾಂಡವಪುರ, ಕೆ.ಆರ್. ಪೇಟೆ ಸೀಮೆಯಲ್ಲೂ, ಎಷ್ಟೋ ಮನೆಗಳ ಅಟ್ಟದಿಂದ ಮರದ ಅಚ್ಚುಗಳು ಕೆಳಗಿಳಿಯುತ್ತವೆ. ರಾತ್ರಿಯಿಡೀ ನೀರಿನಲ್ಲಿ ನೆನೆದ ಅಚ್ಚಿನ ಹೋಳುಗಳನ್ನು ಜೋಡಿಸಿ, ದಾರವನ್ನೋ ರಬ್ಬರ್ ಬ್ಯಾಂಡನ್ನೋ ಬಿಗಿದು, ಮೇಲಿನ ಬಾಯಿಂದ ಬಿಸಿ ಪಾಕ ಸುರಿದರೆ ಹತ್ತು ನಿಮಿಷದೊಳಗೆ ಬಿಳಿಯ ಬಸವನೋ ನವಿಲೋ ತುಳಸಿಕಟ್ಟೆಯೋ ಸಿದ್ಧ. ನೀರು ಒಣಗಿ ಪಾಕ ಗಟ್ಟಿಯಾಯಿತು ಎಂಬುದು ಇದಕ್ಕೆ ಸಾಮಾನ್ಯವಾಗಿ ಸಿಗುವ ವಿವರಣೆ. ಆದರೆ ಒಣಗಲು ಅಲ್ಲಿ ಜಾಗವೆಲ್ಲಿದೆ? ಅಚ್ಚು ಸುತ್ತಲೂ ಮುಚ್ಚಿದೆ, ಅದರ ಮರ ನೀರು ಕುಡಿದು ತೊಯ್ದಿದೆ. ಒಳಗಿನ ನೀರು ಹತ್ತು ನಿಮಿಷದಲ್ಲಿ ಹೊರಗೆ ಹೋಗುವ ದಾರಿಯೇ ಇಲ್ಲ. ಸುರಿದ ಪಾಕದಲ್ಲಿದ್ದ ನೀರು ಹೆಚ್ಚುಕಡಿಮೆ ಅಷ್ಟೂ ಒಳಗೇ ಉಳಿದಿರುವಾಗಲೇ ಸಕ್ಕರೆ ಕಲ್ಲಿನಂತೆ ನಿಲ್ಲುತ್ತದೆ. ಒಣಗಿಸುವ ಕೆಲಸ ಈ ಅಚ್ಚಿನದಲ್ಲ. ಲಕ್ಷಾಂತರ ಸಣ್ಣ ಹರಳುಗಳು ಒಂದೇ ಕಾಲಕ್ಕೆ, ಒಂದೇ ಆಕಾರದೊಳಗೆ ಹುಟ್ಟುವಂತೆ ನೋಡಿಕೊಳ್ಳುವ ಯಂತ್ರ ಅದು. ಮನೆಯಲ್ಲಿ ಸಕ್ಕರೆಯಿಂದ ಮಾಡುವ ಅಲಂಕಾರದ ವಸ್ತು ಯಾವುದೇ ಇರಲಿ, ಎಳ್ಳು ಬೀರುವ ತಟ್ಟೆಯ ಅಚ್ಚಾಗಲಿ, ಕೇಕಿನ ಮೇಲೆ ಉದುರಿಸುವ ಬಣ್ಣದ ಕಾಳಾಗಲಿ, ಅದು ಚೆನ್ನಾಗಿ ಬರುವುದೂ ಕೆಡುವುದೂ ಎಷ್ಟು ಹರಳು ಹುಟ್ಟಿದವು, ಯಾವಾಗ ಹುಟ್ಟಿದವು ಎಂಬುದರ ಮೇಲೆಯೇ ನಿಂತಿದೆ.

ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ನಮ್ಮ ಅಡುಗೆಮನೆಯ ಹದ ಬಿಸಿಯಲ್ಲಿ, ಅಂದರೆ 30 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿ, 100 ಗ್ರಾಂ ನೀರು ಸುಮಾರು 215 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳಬಲ್ಲದು. ಕುದಿಯುವ ಬಿಸಿಯಲ್ಲಿ ಅದೇ ನೀರು ಇದರ ಎರಡು ಪಟ್ಟಿಗೂ ಮೀರಿ ಕರಗಿಸಿಕೊಳ್ಳುತ್ತದೆ. ಅಚ್ಚಿಗೆ ಸುರಿಯುವ ಹದಕ್ಕೆ ಬಂದ ಪಾಕದಲ್ಲಿ ನೂರಕ್ಕೆ 85 ಪಾಲು ಸಕ್ಕರೆ, 15 ಪಾಲು ನೀರು ಇದೆ ಎಂದಿಟ್ಟುಕೊಳ್ಳಿ. ತಣ್ಣಗಾದ ಮೇಲೆ ಆ 15 ಗ್ರಾಂ ನೀರು ಹಿಡಿದುಕೊಳ್ಳಬಲ್ಲದ್ದು ಸುಮಾರು 32 ಗ್ರಾಂ ಸಕ್ಕರೆಯನ್ನು ಮಾತ್ರ. ಮಿಕ್ಕ 53 ಗ್ರಾಂ ದ್ರಾವಣದಲ್ಲಿ ಇರಲಾರದೆ ಹರಳಾಗಿ ಹೊರಬರಬೇಕು. ಅಂದರೆ ಅಚ್ಚು ಬಿಚ್ಚಿದ ಕ್ಷಣದಲ್ಲಿ ಕೈಗೆ ಬರುವ ಬಸವ ಅರ್ಧ ಹರಳು, ಅರ್ಧ ಪಾಕ. ಹರಳುಗಳು ಒಂದರ ಪಕ್ಕ ಒಂದು ಒತ್ತಿ ಹೆಣೆದುಕೊಂಡು ಗೋಡೆ ಕಟ್ಟಿವೆ, ಸಂದುಗಳಲ್ಲಿ ಪಾಕ ನಿಂತಿದೆ. ಬಿಚ್ಚಿದ ಮೇಲೆ ಅಚ್ಚುಗಳನ್ನು ತಟ್ಟೆಯಲ್ಲಿ ಹರವಿ ಗಾಳಿಗೆ ಬಿಡುವುದು ಈ ಸಂದಿನ ನೀರು ಹೋಗಲೆಂದು. ಒಣಗುವುದು ಆಗ ನಡೆಯುತ್ತದೆ, ಅದೂ ಆಕಾರ ನಿಂತ ಮೇಲೆ.

ಒಣಗಿ ಅಲ್ಲದಿದ್ದರೆ ತಣ್ಣಗಾಗಿ ಗಟ್ಟಿಯಾಯಿತು ಎನ್ನಬಾರದೇಕೆ ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಇದು, ಏಕೆಂದರೆ ಬರಿದೇ ತಣ್ಣಗಾಗಿ ಗಟ್ಟಿಯಾಗುವ ಸಕ್ಕರೆಯೂ ಇದೆ. ಪಾಕವನ್ನು 150 ಡಿಗ್ರಿಯ ಆಸುಪಾಸಿಗೆ ಕಾಯಿಸಿ, ಕದಡದೆ ಬೇಗ ಆರಿಸಿದರೆ ಸಕ್ಕರೆಯ ಅಣುಗಳಿಗೆ ಸಾಲುಗಟ್ಟಿ ನಿಲ್ಲಲು ಪುರುಸೊತ್ತೇ ಸಿಗುವುದಿಲ್ಲ. ಇದ್ದಲ್ಲೇ ಅಡ್ಡಾದಿಡ್ಡಿ ಸಿಕ್ಕಿಬೀಳುತ್ತವೆ. ಆಗ ಸಿಗುವುದು ಗಾಜು. ಲಾಲಿಪಾಪು ಅಂಥದ್ದು, ಜಾತ್ರೆಯ ಬಾಂಬೆ ಮಿಠಾಯಿಯ ಎಳೆಯೂ ಅಂಥದ್ದೇ. ಲಾಲಿಪಾಪಿನಾಚೆಗೆ ಬೆಳಕು ಕಾಣುತ್ತದೆ, ಸಕ್ಕರೆ ಅಚ್ಚಿನಾಚೆಗೆ ಕಾಣುವುದಿಲ್ಲ. ಈ ವ್ಯತ್ಯಾಸವೇ ಸಾಕ್ಷಿ. ಅಚ್ಚಿನಲ್ಲಿ ಬೆಳಕು ಒಂದು ಹರಳಿನಿಂದ ಹೊರಬಂದು ಇನ್ನೊಂದಕ್ಕೆ ತಗುಲಿ, ಮತ್ತೊಂದಕ್ಕೆ ತಿರುಗಿ, ಎಲ್ಲ ದಿಕ್ಕಿಗೂ ಚದುರುತ್ತದೆ. ನೀರಿನಂತೆ ತಿಳಿಯಾಗಿದ್ದ ಪಾಕ ಯಾವ ಬಣ್ಣವನ್ನೂ ಹಾಕದೆಯೇ ಹಾಲಿನಂತೆ ಬೆಳ್ಳಗಾಗುವುದು ಹೀಗೆ. ಪಾಕ ತಿರುವುವವರು ಬಾಣಲೆಯ ಅಂಚಿನ ಮೇಲೆ ಕಣ್ಣಿಟ್ಟಿರುತ್ತಾರೆ, ಅಂಚು ಬೆಳ್ಳಗಾಗತೊಡಗಿದ ಕೂಡಲೇ ಇಳಿಸಿ ಸುರಿಯುತ್ತಾರೆ. ಸೂಕ್ಷ್ಮದರ್ಶಕವಿಲ್ಲದೆ ಹರಳು ಹುಟ್ಟಿದ ಗಳಿಗೆಯನ್ನು ಹಿಡಿಯುವ ಇದಕ್ಕಿಂತ ನೇರವಾದ ವಿಧಾನ ಇಲ್ಲ.

ತಿರುವುವುದು ಏಕೆ ಅಷ್ಟು ಮುಖ್ಯ ಎನ್ನುವುದಕ್ಕೆ ಉತ್ತರ ಇದೇ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಲ್ಲಿದೆ. ಕೃಷ್ಣರಾಜಸಾಗರದ ನಾಲೆ ನೀರನ್ನು ನಂಬಿ, ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಮುತುವರ್ಜಿಯಿಂದ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಆರಂಭವಾಯಿತು. ಅಂಥ ಕಾರ್ಖಾನೆಯಲ್ಲಿ ಕಬ್ಬಿನ ರಸವನ್ನು ನಿರ್ವಾತ ಕಡಾಯಿಯಲ್ಲಿ ಕಡಿಮೆ ಬಿಸಿಯಲ್ಲೇ ಕುದಿಸುತ್ತಾರೆ. ದ್ರಾವಣ ತನ್ನ ಶಕ್ತಿ ಮೀರಿ ಸಕ್ಕರೆ ಹೊತ್ತು ನಿಂತಾಗ ನುಣ್ಣಗೆ ಅರೆದ ಸಕ್ಕರೆಯನ್ನು ಬೀಜವಾಗಿ ಹಾಕುತ್ತಾರೆ. ಆಮೇಲೆ ಹೊಸ ಹರಳು ಹುಟ್ಟದಂತೆ, ಹಾಕಿದ ಬೀಜಗಳೇ ಬೆಳೆಯುವಂತೆ ಕಾಯುತ್ತಾರೆ. ಕಾಳು ಒಂದೇ ಗಾತ್ರಕ್ಕೆ ಬಂದಾಗ ತಿರುಗುವ ಯಂತ್ರ ಕಾಕಂಬಿಯನ್ನು ಆಚೆ ಚಿಮ್ಮಿಸುತ್ತದೆ. ಹರಳು ಕಡಿಮೆ ಇರಲಿ, ಒಂದೊಂದೂ ದಪ್ಪಗಿರಲಿ ಎಂಬುದು ಕಾರ್ಖಾನೆಯ ಗುರಿ. ಅಚ್ಚಿನವರದು ಇದಕ್ಕೆ ತಿರುಗುಮುರುಗು. ಸೌಟು ಆಡಿದಷ್ಟೂ ಅಣುಗಳು ಒಂದಕ್ಕೊಂದು ತಾಗುತ್ತವೆ, ಹುಟ್ಟಿದ ಹರಳು ಒಡೆದು ಹತ್ತಾರು ಬೀಜಗಳಾಗುತ್ತದೆ, ಬೆಳೆಯಬೇಕಾದ ಸಕ್ಕರೆ ಅಷ್ಟೂ ಬೀಜಗಳಿಗೆ ಹಂಚಿಹೋಗಿ ಎಲ್ಲವೂ ಚಿಕ್ಕದಾಗಿಯೇ ಉಳಿಯುತ್ತವೆ. ಹರಳು ಸಣ್ಣದಾದಷ್ಟೂ ನವಿಲಿನ ಗರಿಯ ಗೆರೆ, ಬಸವನ ಕೊರಳ ಗಂಟೆ ಸ್ಪಷ್ಟವಾಗಿ ಮೂಡುತ್ತವೆ. ಕದಡದೆ ದಿನಗಟ್ಟಲೆ ದಾರ ಇಳಿಬಿಟ್ಟು ಕಾದರೆ ಅದೇ ಪಾಕ ಕಲ್ಲುಸಕ್ಕರೆಯಾಗುತ್ತದೆ. ಅಲ್ಲಿ ಹರಳುಗಳು ಬೆರಳೆಣಿಕೆಯಷ್ಟು, ಒಂದೊಂದೂ ಉಗುರಿನಷ್ಟು. ಪದಾರ್ಥ ಒಂದೇ, ಬದಲಾದದ್ದು ಎಣಿಕೆ.

ಉತ್ತರ ಕರ್ನಾಟಕದ ಕುಸುರೆಳ್ಳು ಈ ಮಾತನ್ನು ಇನ್ನೊಂದು ಬಗೆಯಲ್ಲಿ ತೋರಿಸುತ್ತದೆ. ಸಣ್ಣ ಉರಿಯ ಮೇಲಿನ ತಟ್ಟೆಯಲ್ಲಿ ಹುರಿದ ಎಳ್ಳು ಹಾಕಿ, ಪಾಕವನ್ನು ಚಮಚದಿಂದ ಹನಿಹನಿಯಾಗಿ ಬಿಡುತ್ತ ಬೆರಳಿನಿಂದ ಉರುಳಿಸುತ್ತ ಹೋಗುತ್ತಾರೆ. ಪ್ರತಿ ಹನಿಯೂ ಎಳ್ಳಿನ ಮೈಮೇಲೆ ತೆಳುವಾಗಿ ಹರಡಿ ಹರಳಾದ ಮೇಲೆಯೇ ಮುಂದಿನ ಹನಿ. ಗಂಟೆಗಟ್ಟಲೆ ಈ ಸಹನೆ ನಡೆದರೆ ಕಾಳಿನ ಮೇಲೆ ಮುಳ್ಳು ಏಳುತ್ತದೆ. ಮುಳ್ಳು ಏಕೆ? ಜಪಾನಿನಲ್ಲಿ ಇದೇ ಕುಲದ ಕೊಂಪೇಟೋ ಎಂಬ ಮಿಠಾಯಿ ಇದೆ, 16ನೇ ಶತಮಾನದಲ್ಲಿ ಪೋರ್ಚುಗೀಸರು ಅಲ್ಲಿಗೆ ಒಯ್ದದ್ದು. ಅದರ ಕೊಂಬುಗಳ ಬಗ್ಗೆ ಭೌತವಿಜ್ಞಾನಿ ಟೊರಹಿಕೊ ತೆರಾದಾ (1878–1935) ಗಂಭೀರವಾಗಿ ತಲೆಕೆಡಿಸಿಕೊಂಡು ಬರೆದಿದ್ದರು. ಉರುಳುವ ಕಾಳಿನ ಮೈಯಲ್ಲಿ ಆಕಸ್ಮಿಕವಾಗಿ ಎದ್ದ ಸಣ್ಣ ಉಬ್ಬು ಪಾಕ ಸವರಿದ ತಟ್ಟೆಗೆ ಮೊದಲು ತಾಗುತ್ತದೆ, ಹೆಚ್ಚು ಪಾಕ ಹೊತ್ತುಕೊಳ್ಳುತ್ತದೆ, ಹಾಗಾಗಿ ಇನ್ನಷ್ಟು ಏಳುತ್ತದೆ ಎಂಬುದು ಒಪ್ಪುವಂಥ ವಿವರಣೆ. ಪಾಕ ಒಮ್ಮೆಲೇ ಹೆಚ್ಚು ಬಿದ್ದರೆ ತಗ್ಗುಗಳೆಲ್ಲ ತುಂಬಿ ಮುಳ್ಳು ಮಾಯವಾಗುತ್ತದೆ. ಬೇಕರಿಯವರು ಕೇಕಿನ ಮೇಲೆ ಉದುರಿಸುವ ಸಾಸಿವೆ ಗಾತ್ರದ ಬಣ್ಣದ ಗುಂಡುಗಳೂ ತತ್ತ್ವದಲ್ಲಿ ಕುಸುರೆಳ್ಳೇ. ಅಲ್ಲಿ ಬೆರಳಿನ ಬದಲು ತಿರುಗುವ ಡ್ರಮ್ಮು ಉರುಳಿಸುತ್ತದೆ.

ಮಂಡ್ಯದ ನೆಲದಲ್ಲಿ ನಿಂತು ಸಕ್ಕರೆಯ ಮಾತಾಡುವವರಿಗೆ ಎದುರಾಗುವ ಆಕ್ಷೇಪ ಮತ್ತೊಂದಿದೆ. ಬೆಲ್ಲದ ನಾಡಿನಲ್ಲಿ ಈ ಬಸವನನ್ನು ಬೆಲ್ಲದಿಂದಲೇ ಏಕೆ ಮಾಡಬಾರದು? ಆಲೆಮನೆಯವರು ಕೊಪ್ಪರಿಗೆಯಿಂದ ಇಳಿಸಿದ ಪಾಕವನ್ನು ತಿರುವಿ ಮರದ ಅಚ್ಚಿನ ಗುಣಿಗಳಿಗೆ ತುಂಬಿ ಅಚ್ಚುಬೆಲ್ಲ ತೆಗೆಯುವುದಿಲ್ಲವೆ? ತೆಗೆಯುತ್ತಾರೆ. ಆದರೆ ಅಚ್ಚುಬೆಲ್ಲ ಗುಂಡಗಿನ ದಪ್ಪ ಗಟ್ಟಿ, ಅದಕ್ಕೆ ಬಾಲವೂ ಇಲ್ಲ, ಕೊಂಬೂ ಇಲ್ಲ. ಕಬ್ಬಿನ ರಸದ ಸುಕ್ರೋಸ್‌ನಲ್ಲಿ ಒಂದು ಪಾಲು ಹುಳಿಯಿಂದಲೂ ಕಿಣ್ವದಿಂದಲೂ ಬಿಸಿಯಿಂದಲೂ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಎಂಬ ಎರಡು ಚಿಕ್ಕ ಸಕ್ಕರೆಗಳಾಗಿರುತ್ತದೆ. ಬೆಲ್ಲದಲ್ಲಿ ಇವು ನೂರಕ್ಕೆ 10–15 ಪಾಲು ಇರುವುದು ಸಾಮಾನ್ಯ. ಬೆಳೆಯುತ್ತಿರುವ ಸುಕ್ರೋಸ್ ಹರಳಿನ ದಾರಿಗೆ ಇವು ಅಡ್ಡ ನಿಲ್ಲುತ್ತವೆ, ಗಾಳಿಯ ತೇವವನ್ನು ಬೇಗ ಎಳೆದುಕೊಳ್ಳುತ್ತವೆ. ಹರಳುಗಳ ಗೋಡೆಯ ನಡುವೆ ಎಂದೂ ಪೂರ್ತಿ ಆರದ ಜಿಗುಟು ಪಾಕ ಉಳಿದು, ತೆಳುವಾದ ಭಾಗ ಭಾರ ತಾಳದೆ ಬಾಗುತ್ತದೆ. ಕಡಿದ ಕಬ್ಬನ್ನು ದಿನಗಟ್ಟಲೆ ಬಿಟ್ಟು ಅರೆದರೆ ಬೆಲ್ಲ ಕಟ್ಟುವುದಿಲ್ಲ ಎಂಬುದು ಆಲೆಮನೆಯ ಅನುಭವ. ಕಾರಣ ಇದೇ ಒಡೆಯುವಿಕೆ. ರಸಕ್ಕೆ ಸುಣ್ಣ ಹಾಕಿ ಹುಳಿ ತಗ್ಗಿಸುವುದೂ ಇದನ್ನು ತಡೆಯಲೆಂದೇ. ಶ್ರೀರಂಗಪಟ್ಟಣದ ಪಕ್ಕದ ಪಾಲಹಳ್ಳಿಯಲ್ಲಿ 19ನೇ ಶತಮಾನದ ನಡುವಿನಲ್ಲಿ ನಡೆಯುತ್ತಿದ್ದ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ರೈತರಿಂದ ಬೆಲ್ಲ ಕೊಂಡು ಅದನ್ನು ಸಕ್ಕರೆಯಾಗಿ ಶುದ್ಧಿ ಮಾಡುತ್ತಿತ್ತು. ಹರಳಾಗಬಲ್ಲದ್ದನ್ನು ಹರಳಾಗಲು ಬಿಡದ್ದರಿಂದ ಬೇರೆ ಮಾಡುವುದೇ ಅಲ್ಲಿನ ಇಡೀ ಕೆಲಸವಾಗಿತ್ತು. ರುಚಿಯಲ್ಲಿ, ಕಂಪಿನಲ್ಲಿ ಬೆಲ್ಲ ಮೇಲು ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಸೂಕ್ಷ್ಮ ಆಕಾರ ಹಿಡಿಯುವ ಗುಣ ಮಾತ್ರ ಅದಕ್ಕಿಲ್ಲ.

ನಿಂಬೆರಸದ ವಿಷಯದಲ್ಲಿ ಮನೆಮನೆಗೆ ಒಂದೊಂದು ಅಭಿಪ್ರಾಯ ಇರುವುದೂ ಇದೇ ಕಾರಣಕ್ಕೆ. ಪಾಕಕ್ಕೆ ಬಿದ್ದ ಹುಳಿ ಒಂದಿಷ್ಟು ಸಕ್ಕರೆಯನ್ನು ಒಡೆಯುತ್ತದೆ. ಎರಡು ಮೂರು ಹನಿ ಬಿದ್ದರೆ ಪಾಕ ಬಾಣಲೆಯಲ್ಲೇ ಗಡ್ಡೆ ಕಟ್ಟದೆ ಸುರಿಯಲು ಸ್ವಲ್ಪ ಹೊತ್ತು ಕೊಡುತ್ತದೆ. ಧಾರಾಳವಾಗಿ ಹಿಂಡಿದರೆ ನಾವೇ ಸಕ್ಕರೆಯನ್ನು ಬೆಲ್ಲದ ಗುಣಕ್ಕೆ ತಂದಂತಾಯಿತು, ಅಚ್ಚು ಅಂಟಿಕೊಳ್ಳುತ್ತದೆ. ಹಾಲಿನ ಕಥೆ ಬೇರೆ. ಕುದಿಯುವ ಪಾಕದಲ್ಲಿ ಹಾಲಿನ ಪ್ರೋಟೀನು ಒಡೆದು ಗಟ್ಟಿಯಾಗುವಾಗ ಕೊಳೆಯನ್ನು ಹಿಡಿದುಕೊಂಡು ನೊರೆಯಾಗಿ ಮೇಲೇಳುತ್ತದೆ. ಸಕ್ಕರೆ ಕಂದಾಗಿ, ಕಸಕಡ್ಡಿಯೊಡನೆ ಬರುತ್ತಿದ್ದ ಕಾಲದಲ್ಲಿ ಇದು ಅಗತ್ಯದ ಕ್ರಮವೇ ಆಗಿತ್ತು. ಈಗಿನ ಕಾರ್ಖಾನೆಯ ಬಿಳಿ ಸಕ್ಕರೆಗೆ ಅಷ್ಟು ಅಗತ್ಯವಿಲ್ಲ, ಹಾಕಿದರೆ ತಪ್ಪೂ ಇಲ್ಲ. ಬಟ್ಟೆಯಲ್ಲಿ ಸೋಸುವುದನ್ನು ಮಾತ್ರ ಬಿಡಬಾರದು. ಕರಗದೆ ಉಳಿದ ಒಂದು ಕಾಳು, ಒಂದು ಧೂಳಿನ ಕಣ, ಬೇಡದ ಹೊತ್ತಿನಲ್ಲಿ ಹರಳಿಗೆ ಬೀಜವಾಗುತ್ತದೆ.

ಈಗ ಪುಸ್ತಕಗಳೂ ವಿಡಿಯೋಗಳೂ ಥರ್ಮಾಮೀಟರ್ ಹಿಡಿದು 115 ಡಿಗ್ರಿಗೆ ಇಳಿಸಿ ಎನ್ನುತ್ತವೆ, ಬೆರಳ ನಡುವೆ ಎಳೆ ನೋಡುವುದು ಅಂದಾಜಿನ ಕೆಲಸ ಎಂಬ ಭಾವನೆ ಬೆಳೆದಿದೆ. ಈ ಭಾವನೆ ನಮ್ಮ ಸೀಮೆಗೆ ಸಲ್ಲದು. 115 ಎಂಬುದು ಸಮುದ್ರಮಟ್ಟದ ಲೆಕ್ಕ. ನಾಗಮಂಗಲ, ಶ್ರೀರಂಗಪಟ್ಟಣಗಳು ಏಳೆಂಟುನೂರು ಮೀಟರ್ ಎತ್ತರದಲ್ಲಿವೆ. ಇಲ್ಲಿ ನೀರೇ 97.5 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ, ಅದೇ ಹದದ ಪಾಕ ಎರಡೂವರೆ ಡಿಗ್ರಿ ಮೊದಲೇ ಸಿಗುತ್ತದೆ. ಪುಸ್ತಕದ ಅಂಕಿಗೆ ಕಾದರೆ ಪಾಕ ಹದ ಮೀರಿ, ಅಚ್ಚಿನ ಬಾಯಿಗೆ ಮುಟ್ಟುವ ಮೊದಲೇ ಸೌಟಿನಲ್ಲಿ ಕಟ್ಟಿಕೊಳ್ಳುತ್ತದೆ. ಎಳೆ ನೋಡುವ ಬೆರಳು ಅಳೆಯುವುದು ಬಿಸಿಯನ್ನಲ್ಲ, ಪಾಕದ ಮಂದವನ್ನು, ಅಂದರೆ ಅದರಲ್ಲಿರುವ ಸಕ್ಕರೆಯ ಪ್ರಮಾಣವನ್ನು. ಊರು ಎಷ್ಟು ಎತ್ತರದಲ್ಲಿದ್ದರೂ ಆ ಅಳತೆ ಬದಲಾಗದು. ಥರ್ಮಾಮೀಟರ್ ಬೇಕೇ ಬೇಕೆನ್ನುವವರು ಮೊದಲು ಬರಿ ನೀರು ಕುದಿಸಿ ಅಂಕಿ ಗುರುತಿಟ್ಟುಕೊಂಡು, ಅದಕ್ಕೆ 15 ಕೂಡಿಸಿಕೊಳ್ಳಲಿ.

ಮರದ ಅಚ್ಚಿನ ಜಾಗಕ್ಕೆ ಸಿಲಿಕೋನ್ ಬಂದಿರುವುದರಿಂದ ನೆನೆಸುವ ಕೆಲಸ ತಪ್ಪಿದೆ, ಸಕ್ಕರೆ ಅದಕ್ಕೆ ಅಂಟುವುದೂ ಇಲ್ಲ. ಮರವನ್ನು ನೆನೆಸುವುದು ಅದರ ಸೂಕ್ಷ್ಮ ರಂಧ್ರಗಳು ನೀರಿನಿಂದ ತುಂಬಲೆಂದು. ಒಣ ಮರವಾದರೆ ಪಾಕವನ್ನೇ ಕುಡಿದು, ರಂಧ್ರದೊಳಗೆ ಹರಳು ಬೆಳೆದು ಬೇರೂರಿಬಿಡುತ್ತದೆ. ಬಾಗಿಸಿ ಬಿಡಿಸಬಹುದಾದ ಸಿಲಿಕೋನ್ ಚಿಕ್ಕ ಹೂವು, ಎಲೆ, ನಕ್ಷತ್ರಗಳಿಗೆ ನಿಜಕ್ಕೂ ಅನುಕೂಲ. ಆದರೆ ಎರಡೂ ಮಗ್ಗುಲು ಮೂಡಿ ತನ್ನ ಕಾಲ ಮೇಲೆ ನಿಲ್ಲುವ ಆನೆಗೆ ಬಿಗಿದು ಕಟ್ಟುವ ಹೋಳುಗಳೇ ಬೇಕು, ಆ ಕೆಲಸಕ್ಕೆ ಮರ ಈಗಲೂ ಮುಂದಿದೆ.

ಬನ್ನು, ಕೇಕು, ಬಿಸ್ಕತ್ತಿನ ಮೇಲೆ ಹಾಕಲು ಅಂಗಡಿಯ ಬಣ್ಣದ ಕಾಳೇ ಬೇಕೆಂದಿಲ್ಲ. ಅಚ್ಚಿನ ಪಾಕವನ್ನೇ ಬೆಳ್ಳಗಾಗುವವರೆಗೆ ತಿರುವಿ, ತುಪ್ಪ ಸವರಿದ ತಟ್ಟೆಗೆ ತೆಳ್ಳಗೆ ಹರಡಿ, ಆರಿದ ಮೇಲೆ ಪುಡಿಗುಟ್ಟಿ ಜರಡಿ ಹಿಡಿದರೆ ಬೇಕಾದ ಗಾತ್ರದ ಬಿಳಿ ಹರಳು ಸಿಗುತ್ತದೆ. ಬಣ್ಣ ಬೇಕಾದರೆ ಬೀಟ್‌ರೂಟ್ ರಸವನ್ನು ಪಾಕದ ಜೊತೆ ಕುದಿಸಬಾರದು, ಬಿಸಿಗೆ ಅದರ ಕೆಂಪು ಕೆಡುತ್ತದೆ. ಒಣ ಸಕ್ಕರೆ ಕಾಳಿಗೆ ಕೆಲವೇ ಹನಿ ಸವರಿ ನೆರಳಲ್ಲಿ ಆರಿಸಬೇಕು. ಹಳದಿಗೆ ಅರಿಶಿನ ಬಳಸುವುದಾದರೆ, ಅಡುಗೆ ಸೋಡಾ ತಾಗಿದರೆ ಅದು ಕೆಂಪಗಾಗುತ್ತದೆ ಎಂಬುದು ನೆನಪಿರಲಿ. ಇಷ್ಟು ತಾಪತ್ರಯ ಏಕೆ ಎನ್ನುವವರಿಗೆ 2024ರ ಮಾರ್ಚ್ ಸಾಕು. ಬಾಂಬೆ ಮಿಠಾಯಿಯ ಮಾದರಿಗಳಲ್ಲಿ, ಬಟ್ಟೆಗೆ ಹಾಕುವ ರೋಡಮೈನ್-ಬಿ ಬಣ್ಣ ಪತ್ತೆಯಾಗಿ, ರಾಜ್ಯ ಸರ್ಕಾರ ಆ ಮಿಠಾಯಿಯಲ್ಲಿ ಕೃತಕ ಬಣ್ಣದ ಬಳಕೆಯನ್ನೇ ನಿಷೇಧಿಸಿತು. ಮಕ್ಕಳ ಬಾಯಿಗೆ ಹೋಗುವ ಅಲಂಕಾರದಲ್ಲಿ ಏನಿದೆ ಎಂಬುದು ಮಾಡಿದವರಿಗೆ ಗೊತ್ತಿರಬೇಕು, ಮನೆಯಲ್ಲಿ ಮಾಡಿದರೆ ಅದು ಖಂಡಿತ ಗೊತ್ತಿರುತ್ತದೆ. ಕೇಕು ಪೂರ್ತಿ ತಣ್ಣಗಾದ ಮೇಲೆಯೇ ಈ ಹರಳನ್ನು ಉದುರಿಸಿ. ಬಿಸಿ ಕೇಕಿನಿಂದ ಏಳುವ ಹಬೆ ಹರಳಿನ ಮೈ ಕರಗಿಸಿ ಮತ್ತೆ ಪಾಕ ಮಾಡಿಬಿಡುತ್ತದೆ. ಹಾಲಿನ ಕೆನೆಯ ಮೇಲಾದರೆ ಬಡಿಸುವ ಮುಂಚೆ ಹಾಕಿ, ಬೆಣ್ಣೆಯ ಲೇಪದ ಮೇಲಾದರೆ ಮೊದಲೇ ಹಾಕಿಟ್ಟರೂ ಗರಿಗರಿಯಾಗಿ ಉಳಿಯುತ್ತದೆ, ಏಕೆಂದರೆ ಬೆಣ್ಣೆಯ ಜಿಡ್ಡು ಹರಳಿಗೆ ನೀರು ತಾಗಗೊಡುವುದಿಲ್ಲ. ಮಿಕ್ಕದ್ದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಜನವರಿಯ ಒಣ ಗಾಳಿಯಲ್ಲಿ ಹರವಿಟ್ಟರೂ ನಿಲ್ಲುವ ಸಕ್ಕರೆ, ಜುಲೈ ತಿಂಗಳ ತೇವಕ್ಕೆ ಒಂದೇ ರಾತ್ರಿಯಲ್ಲಿ ಉಂಡೆಯಾಗಬಹುದು.