ಧಣಿಯ ಮುದ್ರೆ, ನೌಕರನ ಸರಕು

ನೌಕರನೊಬ್ಬನು ತನ್ನ ಬಿಡುವಿನ ವೇಳೆಯಲ್ಲಿ ಏನನ್ನಾದರೂ ನಿರ್ಮಿಸಿ, ಅದಕ್ಕೆ ತನ್ನ ಧಣಿಯ ಹೆಸರನ್ನೂ ಚಿಹ್ನೆಯನ್ನೂ ಅಂಟಿಸಿ ಜನರ ಕೈಗೆ ಕೊಟ್ಟರೆ ಅದು ಅಪರಾಧವೋ, ಅತ್ಯುತ್ಸಾಹವೋ? ಅದಕ್ಕಾಗಿ ಅವನನ್ನು ಕೆಲಸದಿಂದ ವಜಾ ಮಾಡುವದು ನ್ಯಾಯವೋ, ಅವಸರವೋ? ನಮ್ಮ ಕಾರವಾರ-ಅಂಕೋಲೆಗಳ ಅನೇಕ ತರುಣರು ಇಂದು ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ದುಡಿಯುತ್ತಿರುವದರಿಂದಲೂ, ನಮ್ಮ ವಾಚಕರಲ್ಲಿ ಬಹುಮಂದಿ ಸ್ವತಃ ನೌಕರರೋ ನೌಕರರ ಮೇಲಧಿಕಾರಿಗಳೋ ಆಗಿರುವದರಿಂದಲೂ, ಈ ಪ್ರಶ್ನೆಯನ್ನು ಶಾಂತಚಿತ್ತದಿಂದ ವಿಚಾರಿಸುವದು ಅವಶ್ಯವೆಂದು ನಮಗೆ ತೋರುತ್ತದೆ.

ಇದು ಗಣಕಯಂತ್ರದ ಯುಗದ ಹೊಸ ತೊಡಕೆಂದು ತಿಳಿಯುವವರು ಬೈತಖೋಲದ ದಕ್ಕೆಯ ಮೇಲೆ ಒಂದು ಗಳಿಗೆ ನಿಲ್ಲಬೇಕು. ನೈರುತ್ಯದ ಮಳೆಗಾಳಿಯನ್ನು ಗುಡ್ಡವು ತಡೆದು ಹಡಗುಗಳಿಗೆ ಆಸರೆ ಕೊಡುವ ಈ ಕೊಲ್ಲಿಯ ಆಸೆಯಿಂದಲೂ, ಸೋಂದೆ ಸೀಮೆಯ ಕರಿಮೆಣಸಿನ ಕೀರ್ತಿಯಿಂದಲೂ ಸೆಳೆಯಲ್ಪಟ್ಟು, 1638ರಲ್ಲಿ ಇಂಗ್ಲಂಡದ ಕೋರ್ಟೀನನ ವ್ಯಾಪಾರ ಮಂಡಳಿಯು ಕಾರವಾರದಲ್ಲಿ ವಖಾರವನ್ನು ತೆರೆಯಿತು. ಮುಂದೆ ಅದು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಘಟ್ಟದ ಮೇಲಿನ ಮೆಣಸು, ಏಲಕ್ಕಿ, ಹುಬ್ಬಳ್ಳಿಯ ಕಡೆಯ ನೇಕಾರರ ನವುರಾದ ಅರಿವೆ ಇವೆಲ್ಲ ಇಲ್ಲಿಂದ ಕಡಲು ದಾಟಿದವು. ಆದರೆ ಆ ಸರಕಿನಲ್ಲಿ ಕಂಪನಿಯದೆಷ್ಟು, ಕಂಪನಿಯ ನೌಕರರ ಸ್ವಂತದ್ದೆಷ್ಟು ಎಂಬದು ಅನೇಕ ವೇಳೆ ಬರೆದಿಟ್ಟವರಿಗೂ ತಿಳಿಯುತ್ತಿರಲಿಲ್ಲ.

ಇದಕ್ಕೆ ಕಾರಣವು ಗೂಢವಾದುದಲ್ಲ. ಕಂಪನಿಯು ಸಂಬಳವನ್ನು ಹೆಸರಿಗೆ ಮಾತ್ರ ಕೊಡುತ್ತಿತ್ತು. 18ನೆಯ ಶತಮಾನದ ಮಧ್ಯಕಾಲಕ್ಕೂ ಅದರ ಕಿರಿಯ ಬರಹಗಾರನಿಗೆ ವರ್ಷಕ್ಕೆ ಕೇವಲ 5 ಪೌಂಡು ದೊರೆಯುತ್ತಿತ್ತು. ಈ ಕೊರತೆಯನ್ನು ತುಂಬಿಕೊಳ್ಳಲೆಂದು, ಯುರೋಪಿನ ವ್ಯಾಪಾರವನ್ನು ಮಾತ್ರ ತನಗೆ ಕಾದಿಟ್ಟುಕೊಂಡು, ಏಶಿಯದ ಬಂದರಗಳ ನಡುವಿನ ವ್ಯಾಪಾರವನ್ನು ಕಂಪನಿಯು ನೌಕರರಿಗೆ ಬಿಟ್ಟುಕೊಟ್ಟಿತು. ಒಂದೇ ವಖಾರ, ಒಂದೇ ದಲಾಲ, ಒಂದೇ ಹಡಗು. ಲೆಕ್ಕ ಮಾತ್ರ ಎರಡು! ಹೀಗಿರಲು ಎರಡೂ ಲೆಕ್ಕಗಳು ಒಂದರೊಳಗೊಂದು ಸೇರಿಹೋದದ್ದರಲ್ಲಿ ಆಶ್ಚರ್ಯವೇನು? ಕಾರವಾರದ ವಖಾರದ ಮುಖ್ಯಸ್ಥನಾಗಿದ್ದ ಜಾನ್ ಹಾರ್ವೆಯೆಂಬವನು ಕಂಪನಿಯ ಚಾಕರಿಯನ್ನು ಬಿಡಲು ಮನಸ್ಸು ಮಾಡಿದಾಗ ಅವನ ಸ್ವಂತ ವ್ಯಾಪಾರದ ಲೆಕ್ಕವೂ ಕಂಪನಿಯ ಲೆಕ್ಕವೂ ಬಿಡಿಸಲಾಗದಂತೆ ತೊಡಕಿಕೊಂಡಿದ್ದವು. ಅವುಗಳು ಚುಕ್ತಾ ಆಗುವ ಮೊದಲೇ ಅವನು 1712ರಲ್ಲಿ ತೀರಿಕೊಂಡನು. ಆ ಗಂಟು ಅವನ ಎಳೆವಯಸ್ಸಿನ ವಿಧವೆಯ ಪಾಲಿಗೆ ಬಂದಿತು.

ಮದ್ರಾಸಿನ ಗವರ್ನರನಾಗಿದ್ದ ಎಲಿಹು ಯೇಲನ ಕಥೆಯು ಇನ್ನೂ ಪ್ರಸಿದ್ಧವಾದುದು. ಸ್ವಂತ ವ್ಯಾಪಾರದಿಂದ ಅಪಾರ ಸಂಪತ್ತನ್ನು ಕೂಡಿಸಿದನೆಂಬ ದೂರುಗಳ ನಡುವೆ 1692ರಲ್ಲಿ ಅವನನ್ನು ಆ ಪದವಿಯಿಂದ ತೆಗೆದುಹಾಕಿದರು. ಅದೇ ಸಂಪತ್ತಿನ ಒಂದು ಅಲ್ಪ ಪಾಲನ್ನು ಪಡೆದ ಅಮೇರಿಕೆಯ ವಿದ್ಯಾಪೀಠವೊಂದು 1718ರಲ್ಲಿ ಅವನ ಹೆಸರನ್ನೇ ಧರಿಸಿತು! ವಜಾ ಆದವನ ಹೆಸರು ಲೋಕವಿಖ್ಯಾತವಾಯಿತು. ವಜಾ ಮಾಡಿದ ಕಂಪನಿಯು ಇಂದು ಚರಿತ್ರೆಯ ಪುಟಗಳಲ್ಲಿ ಮಾತ್ರ ಉಳಿದಿದೆ.

ಆದರೆ ಸ್ವಂತ ವ್ಯಾಪಾರ ಮಾಡುವದು ಬೇರೆ, ಸ್ವಂತ ವ್ಯಾಪಾರಕ್ಕೆ ಧಣಿಯ ಮುದ್ರೆಯನ್ನು ಒತ್ತುವದು ಬೇರೆ. ಈ ಎರಡನೆಯದು ಎಂಥ ಅನರ್ಥವನ್ನು ತಂದಿತೆಂಬದಕ್ಕೆ ಬಂಗಾಲವೇ ಸಾಕ್ಷಿ. ವರ್ಷಕ್ಕೆ 3,000 ರೂಪಾಯಿ ತೆತ್ತು ಜಕಾತಿಯಿಲ್ಲದೆ ವ್ಯಾಪಾರ ಮಾಡುವ ಸನ್ನದನ್ನು 1717ರಲ್ಲಿ ಬಾದಶಹ ಫರೂಕ್‌ಸಿಯರನು ಕಂಪನಿಗೆ ಕೊಟ್ಟಿದ್ದನು. ಕಂಪನಿಯ ಸರಕೆಂದು ತೋರಿಸುವ ರಹದಾರಿಗೆ ದಸ್ತಕವೆಂದು ಹೆಸರು. ನೌಕರರು ಅದೇ ದಸ್ತಕವನ್ನು ತಮ್ಮ ಸ್ವಂತ ಉಪ್ಪಿಗೂ ಅಡಿಕೆಗೂ ತಂಬಾಕಿಗೂ ಹಚ್ಚತೊಡಗಿದರು. ದೇಶದ ವರ್ತಕನು ಜಕಾತಿಯನ್ನು ತೆತ್ತು ಮುಳುಗಿದನು. ದಸ್ತಕವುಳ್ಳವನು ತೆರದೆ ತೇಲಿದನು. ನವಾಬ ಮೀರ್ ಕಾಸಿಮನು 1762ರಲ್ಲಿ ದೂರಿಕೊಂಡನು. ಯಾರೂ ಕಿವಿಗೊಡದಿರಲು 1763ರಲ್ಲಿ ಎಲ್ಲರಿಗೂ ಜಕಾತಿಯನ್ನೇ ಎತ್ತಿಬಿಟ್ಟನು. ಅದರಿಂದ ಯುದ್ಧ ಹುಟ್ಟಿತು. 1764ರ ಅಕ್ಟೋಬರ 22ರಂದು ಬಕ್ಸಾರದಲ್ಲಿ ಅದರ ಫಲವನ್ನು ದೇಶವೇ ಉಂಡಿತು. ಕೊನೆಗೆ ಕಾರ್ನವಾಲಿಸನು ಕಲೆಕ್ಟರರ ಸ್ವಂತ ವ್ಯಾಪಾರವನ್ನು ನಿಷೇಧಿಸಿದನು. ಆದರೆ ನಿಷೇಧಿಸುವದರೊಡನೆ ತಿಂಗಳಿಗೆ 1,500 ರೂಪಾಯಿ ಸಂಬಳವನ್ನೂ ವಸೂಲಿಯ ಮೇಲೆ ಶೇಕಡಾ 1ರ ಕಮಿಶನ್ನನ್ನೂ ಗೊತ್ತುಮಾಡಿದನು. ಹೊಟ್ಟೆಗೆ ಕೊಡದೆ ಕೈಕಟ್ಟುವ ನಿಯಮವು ನಿಲ್ಲಲಾರದೆಂಬದನ್ನು ಆ ವ್ಯಾಪಾರಿ ಸರಕಾರವೂ ಅರಿಯಬೇಕಾಯಿತು.

ಈಗ ನಮ್ಮ ಕಾಲಕ್ಕೆ ಬರೋಣ. ತಮ್ಮ ನೌಕರರಲ್ಲಿ 300 ಮಂದಿ ಪ್ರತಿಸ್ಪರ್ಧಿ ಸಂಸ್ಥೆಗಳಿಗೂ ಅದೇ ಕಾಲದಲ್ಲಿ ದುಡಿಯುತ್ತಿದ್ದುದನ್ನು ಕಂಡು ಅವರನ್ನು ತೆಗೆದುಹಾಕಿರುವದಾಗಿ ಬೆಂಗಳೂರಿನ ವಿಪ್ರೋ ಸಂಸ್ಥೆಯ ಅಧ್ಯಕ್ಷ ರಿಷದ್ ಪ್ರೇಮಜಿಯವರು 2022ರ ಸಪ್ಟೆಂಬರದಲ್ಲಿ ಸಾರಿದರು. ಅದೇ ತಿಂಗಳು ಇನ್ಫೋಸಿಸ್ ಸಂಸ್ಥೆಯೂ ನೌಕರರಿಗೆ ಕಟುವಾದ ಎಚ್ಚರಿಕೆಯನ್ನಿತ್ತಿತು. ಆದರೆ ಅಕ್ಟೋಬರದಲ್ಲಿ ಅದೇ ಇನ್ಫೋಸಿಸ್, ಮೊದಲೇ ಒಪ್ಪಿಗೆ ಪಡೆದು, ಸಂಸ್ಥೆಯೊಡನೆ ಸ್ಪರ್ಧೆಯಿಲ್ಲದ ಹೊರಗಿನ ಸಣ್ಣ ಕೆಲಸಗಳನ್ನು ಮಾಡಬಹುದೆಂದು ತಿಳಿಸಿತು. ಅದಕ್ಕೂ ಮೊದಲೇ, ಆಗಸ್ಟದಲ್ಲಿ, ಬೆಂಗಳೂರಿನ ಸ್ವಿಗ್ಗಿ ಸಂಸ್ಥೆಯು ಅಂಥದೊಂದು ನಿಯಮವನ್ನು ಪ್ರಕಟಿಸಿತ್ತು. ಒಂದೇ ಊರು, ಒಂದೇ ವರ್ಷ. ಒಬ್ಬರಲ್ಲಿ ವಜಾ, ಇನ್ನೊಬ್ಬರಲ್ಲಿ ಒಪ್ಪಿಗೆಯ ಪತ್ರ. ಇವು ಧಣಿಯ ಹೆಸರನ್ನು ಬಳಸಿದ ಪ್ರಕರಣಗಳಲ್ಲ, ವೇಳೆಯನ್ನೂ ನಿಷ್ಠೆಯನ್ನೂ ಕುರಿತವುಗಳು. ಆದರೂ ಇವುಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ನೌಕರನ ವೇಳೆ, ಧಣಿಯ ಸಾಧನ, ಧಣಿಯ ಹೆಸರು ಈ ಮೂರನ್ನೂ ಬೇರೆಬೇರೆಯಾಗಿ ತೂಗಬೇಕು. ಒಂದೇ ತಕ್ಕಡಿಗೆ ಸುರಿಯಬಾರದು.

ಕೆಲಸದ ಹೊತ್ತು ಧಣಿಯದು, ಅದರಲ್ಲಿ ವಾದವಿಲ್ಲ. ಕೆಲಸದ ಅಂಗವಾಗಿ ನೌಕರನು ರಚಿಸಿದ ಕೃತಿಗೆ, ಬೇರೆ ಕರಾರಿಲ್ಲದಿದ್ದರೆ, ಧಣಿಯೇ ಮೊದಲ ಒಡೆಯನೆಂದು 1957ರ ಕೃತಿಸ್ವಾಮ್ಯ ಕಾಯದೆಯ 17ನೆಯ ಕಲಮು ಹೇಳುತ್ತದೆ. ಆದರೆ ಕೆಲಸದ ಅಂಗವಲ್ಲದ್ದು, ಮನೆಯ ದೀಪದ ಕೆಳಗೆ ತನ್ನ ಸಾಧನದಿಂದ ಮಾಡಿದ್ದು, ಅವನದೇ. ಸರಕಾರಿ ನೌಕರರ ವಿಷಯದಲ್ಲಿ ಕೂಡ ಕೇಂದ್ರದ 1964ರ ನಡತೆಯ ನಿಯಮಗಳು ಈ ವಿವೇಕವನ್ನು ಬಿಟ್ಟಿಲ್ಲ. ವ್ಯಾಪಾರಕ್ಕೆ ಪೂರ್ವಾನುಮತಿ ಬೇಕು; ಆದರೆ ಕರ್ತವ್ಯಕ್ಕೆ ಕುಂದಿಲ್ಲದೆ ಆಗಾಗ ಮಾಡುವ ಸಾಹಿತ್ಯ, ಕಲೆ, ವಿಜ್ಞಾನಗಳ ಕೆಲಸಕ್ಕೆ ಬೇಡ. ಪುಸ್ತಕ ಪ್ರಕಟಿಸುವವನು ಅಲ್ಲಿಯ ಅಭಿಪ್ರಾಯಗಳು ತನ್ನವೇ, ಸರಕಾರದವಲ್ಲ ಎಂದು ತಿಳಿಸಬೇಕು. ಅಂದರೆ ಬುದ್ಧಿಯನ್ನು ಬಳಸು, ಮುದ್ರೆಯನ್ನು ಮುಟ್ಟಬೇಡ ಎಂದರ್ಥ.

ಮುದ್ರೆಯ ವಿಷಯದಲ್ಲಿ ನಾವು ಕಠಿಣವಾಗಿಯೇ ಇರಬೇಕಾಗಿದೆ. ಬ್ಯಾಂಕಿನ ಗುಮಾಸ್ತನೊಬ್ಬನು ಬ್ಯಾಂಕಿನ ಹೆಸರಿನಲ್ಲಿಯೇ ಒಂದು ಆ್ಯಪನ್ನು ಮಾಡಿ ಹೊರಗೆ ಬಿಟ್ಟನೆನ್ನಿರಿ. ಅದನ್ನು ನಂಬಿ ತನ್ನ ಖಾತೆಯ ಗುಟ್ಟನ್ನು ಅದರಲ್ಲಿ ಬರೆಯುವ ಮೀನುಗಾರ ಹೆಂಗಸು ನಂಬಿದ್ದು ಗುಮಾಸ್ತನನ್ನಲ್ಲ, ಬ್ಯಾಂಕನ್ನು. ನಾಳೆ ಅದು ಕೆಟ್ಟರೆ ಅವಳು ಯಾರ ಬಾಗಿಲಿಗೆ ಹೋಗಬೇಕು? ಹೆಸರೆಂಬದು ಬಹುಜನರು ಬಹುಕಾಲ ದುಡಿದು ಕಟ್ಟಿದ ಪತ್ತು. ಒಬ್ಬನು ಅದನ್ನು ಕೇಳದೆ ಖರ್ಚು ಮಾಡಿದರೆ, ಉದ್ದೇಶವು ಎಷ್ಟು ಶುದ್ಧವಾಗಿದ್ದರೂ, ಅದು ಪರರ ಪತ್ತಿನ ಮೇಲೆ ಮಾಡಿದ ಸಾಲವೇ ಸರಿ.

ಹೀಗೆ ಕಠಿಣವಾಗಿ ಬರೆಯುವಾಗ ನಮ್ಮದೇ ಒಂದು ತಪ್ಪು ನೆನಪಿಗೆ ಬಂದು ಲೇಖಣಿಯು ತಡೆಯುತ್ತದೆ. ಸುಮಾರು ಮೂವತ್ತು ವರ್ಷಗಳ ಕೆಳಗೆ ನಮ್ಮ ಮುದ್ರಣಾಲಯದಲ್ಲಿ ಮೊಳೆ ಜೋಡಿಸುವ ತರುಣನೊಬ್ಬನಿದ್ದನು. ಅವನು ರಾತ್ರಿಯ ಹೊತ್ತು, ತನ್ನ ಹಣದಿಂದ ಕಾಗದವನ್ನು ಕೊಂಡು, ಬೈತಖೋಲದ ದೋಣಿಯವರಿಗಾಗಿ ತಿಂಗಳ ಭರತಿ-ಇಳಿತದ ವೇಳೆಗಳ ಹಾಳೆಯೊಂದನ್ನು ಅಚ್ಚುಹಾಕಿದನು. ತನ್ನ ಹೆಸರನ್ನು ಯಾರೂ ನಂಬರೆಂದು ತಲೆಯ ಮೇಲೆ ನಮ್ಮ ಪತ್ರಿಕೆಯ ಹೆಸರನ್ನಿಟ್ಟನು. ಹಾಳೆಯು ನಮ್ಮ ಕೈಸೇರಿದ ದಿನವೇ ಅವನ ಲೆಕ್ಕವನ್ನು ತೀರಿಸಿ ಕಳುಹಿದೆವು. ಏಕೆ ಹೀಗೆ ಮಾಡಿದೆಯೆಂದು ಒಂದು ಮಾತನ್ನೂ ಕೇಳಲಿಲ್ಲ. ಮುಂದಿನ ತಿಂಗಳ ಮೊದಲ ವಾರದಲ್ಲಿ ನಾಲ್ಕಾರು ದೋಣಿಯವರು ಕಚೇರಿಗೆ ಬಂದು, “ಒಡೆಯರೇ, ಈ ತಿಂಗಳ ಭರತಿಯ ಹಾಳೆ ಎಲ್ಲಿ?” ಎಂದು ಕೇಳಿದರು. ಹಾಳೆಯಲ್ಲಿ ತಪ್ಪಿರಲಿಲ್ಲ. ಅದನ್ನು ನಾವೇ ಅಚ್ಚುಹಾಕಬೇಕಾಗಿತ್ತು. ಕೊಡಲು ನಮ್ಮಲ್ಲಿ ಹಾಳೆಯೂ ಇರಲಿಲ್ಲ, ಉತ್ತರವೂ ಇರಲಿಲ್ಲ.

ಆ ತರುಣನು ಹೆಸರನ್ನು ಕೇಳದೆ ಬಳಸಿದ್ದು ತಪ್ಪೆಂದು ನಾವು ಇಂದಿಗೂ ಹೇಳುವೆವು. ಆದರೆ ಅವನು ಕೇಳಲು ನಮ್ಮಲ್ಲಿ ಬಾಗಿಲು ಎಲ್ಲಿತ್ತು? ಯಾವ ನಿಯಮವನ್ನು ಬರೆದು ಗೋಡೆಗೆ ಹಚ್ಚಿದ್ದೆವು? ಕೇಳುವ ದಾರಿಯಿದ್ದರೆ ಏನಾಗಬಹುದೆಂಬದಕ್ಕೆ ಅಮೇರಿಕೆಯ ಸ್ಟೀವ್ ವೋಜ್ನಿಯಾಕರ ಉದಾಹರಣೆಯುಂಟು. ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ನೌಕರರಾಗಿದ್ದ ಅವರು ತಾವು ರಚಿಸಿದ ಗಣಕಯಂತ್ರವನ್ನು ಮೊದಲು ಧಣಿಗಳ ಮುಂದೆಯೇ ಇಟ್ಟರು. ಅವರು ಬೇಡವೆಂದ ಮೇಲೆ ಬಿಡುಗಡೆಯನ್ನು ಪಡೆದು, 1976ರಲ್ಲಿ ಗೆಳೆಯರೊಡನೆ ಬೇರೆ ಹೆಸರಿನಿಂದ ಅದನ್ನು ಮಾರಿದರು. ಆ ಹೆಸರು ಆ್ಯಪಲ್. ಕೇಳಿದವನಿಗೂ ಕಳಂಕವಿಲ್ಲ, ಬೇಡವೆಂದವರಿಗೂ ಮೋಸವಾಗಲಿಲ್ಲ.

ಆದ್ದರಿಂದ ಧಣಿಗಳಿಗೆ ನಮ್ಮ ಬಿನ್ನಹವಿಷ್ಟು. ಹೊರಗಿನ ಕೆಲಸದಲ್ಲಿ ಯಾವುದು ಸಲ್ಲುವದು, ಯಾವುದು ಸಲ್ಲದು ಎಂಬದನ್ನು ನೇಮಕಾತಿಯ ದಿನವೇ ತಿಳಿಯುವ ಮಾತಿನಲ್ಲಿ ಬರೆದುಕೊಡಿರಿ. ಒಪ್ಪಿಗೆ ಕೇಳಿದವನಿಗೆ ಬೇಗನೆ ಉತ್ತರ ಕೊಡಿರಿ. ತಪ್ಪು ನಡೆದರೆ ಮೊದಲು ಅವನ ಮಾತನ್ನು ಕೇಳಿರಿ. ಸರಕಾರಿ ನೌಕರನನ್ನು ವಿಚಾರಣೆಯಿಲ್ಲದೆ ವಜಾ ಮಾಡಲಾಗದೆಂಬದೇ ಸಂವಿಧಾನದ 311ನೆಯ ಕಲಮಿನ ಸಾಮಾನ್ಯ ನಿಯಮ. ಆ ನೀತಿಯು ಖಾಸಗಿ ಧಣಿಗೂ ಅವಮಾನಕರವೇನಲ್ಲ. ಮೋಸದಿಂದ ಲಾಭ ಹೊಡೆದವನಿಗೂ, ಹುಮ್ಮಸ್ಸಿನಿಂದ ಎಡವಿದವನಿಗೂ ಒಂದೇ ಶಿಕ್ಷೆಯೆಂಬದು ನ್ಯಾಯವಲ್ಲ.

ತರುಣ ನೌಕರರಿಗೂ ಒಂದು ಮಾತು. ನಿಮ್ಮ ಕೈಕೆಲಸದಲ್ಲಿ ನಿಮಗೆ ಭರವಸೆಯಿದ್ದರೆ ಅದರ ಮೇಲೆ ನಿಮ್ಮ ಹೆಸರನ್ನೇ ಬರೆಯಿರಿ. ಮೊದಲ ವರ್ಷ ಯಾರೂ ನಂಬಲಿಕ್ಕಿಲ್ಲ; ಹಾಳೆಯಲ್ಲಿಯ ವೇಳೆಯು ಕಡಲಿನ ಭರತಿಯೊಡನೆ ತಿಂಗಳು ತಿಂಗಳು ಸರಿಹೊಂದಿದರೆ ದೋಣಿಯವರು ತಾವಾಗಿಯೇ ನಿಮ್ಮ ಬಾಗಿಲಿಗೆ ಬರುವರು.