ಹಗುರವಾದ ಬೆಟ್ಟಸೈಕಲ್ಲನ್ನು ನಾವೇ ಜೋಡಿಸುವುದು: ಎಲ್ಲಿ ತೂಕ ಇಳಿಸಬೇಕು, ಎಲ್ಲಿ ಇಳಿಸಬಾರದು

ನೀಲಗಿರಿ, ವಯನಾಡು, ತಾಳವಾಡಿಯ ಗುಡ್ಡಗಾಡುಗಳಲ್ಲಿಯೂ ಕಾಸರಗೋಡಿನ ಮೂಡಣ ಮಲೆಗಳಲ್ಲಿಯೂ ನೆಲೆಸಿರುವ ಕನ್ನಡಿಗರಿಗೆ ಏರುದಾರಿ ಹೊಸದಲ್ಲ. ಈಗ ಅಲ್ಲಿನ ಮಕ್ಕಳು ಬೆಟ್ಟಸೈಕಲ್ಲಿನ ಕಡೆಗೆ ಮನಸ್ಸು ಹರಿಸಿರುವುದೂ ಸಹಜವೇ. ಅವರಲ್ಲಿ ಕೆಲವರಿಗೆ ಅಂಗಡಿಯ ಸಿದ್ಧ ಸೈಕಲ್ಲು ಸಾಲದು. ಬಿಡಿಭಾಗಗಳನ್ನು ತಾವೇ ಆರಿಸಿ ಜೋಡಿಸಬೇಕೆಂಬ ಹಂಬಲ. ಈ ವಿಷಯದ ವಿವರಣೆ ಹೆಚ್ಚಾಗಿ ಇಂಗ್ಲಿಷಿನಲ್ಲಿ ದೊರೆಯುತ್ತದೆ ಎಂಬ ಕಾರಣಕ್ಕೆ ಕನ್ನಡ ಮಾಧ್ಯಮದಲ್ಲಿ ಕಲಿತವರು ಹಿಂಜರಿಯಬೇಕಾಗಿಲ್ಲ. ಇದಕ್ಕೆ ಬೇಕಾದ ವಿಜ್ಞಾನವೆಲ್ಲ ಪ್ರೌಢಶಾಲೆಯಲ್ಲಿ ನಾವು ಕಲಿಸುವುದೇ: ಸನ್ನೆ, ಘರ್ಷಣೆ, ಜಡತ್ವ, ಒತ್ತಡ. ಅದನ್ನು ಲೆಕ್ಕದೊಂದಿಗೆ ಇಲ್ಲಿ ವಿವರಿಸಲು ಯತ್ನಿಸಿದ್ದೇವೆ. ಏಕೆಂದರೆ ಲೆಕ್ಕ ತಿಳಿಯದೆ ಹಗುರತನದ ಬೆನ್ನು ಹತ್ತಿದರೆ ಹಣ ಹೋಗುವುದು ಒಂದು ಮಾತು, ಇಳಿಜಾರಿನಲ್ಲಿ ಮೈಕೈ ಮುರಿಯುವುದು ಇನ್ನೊಂದು ಮಾತು.

ಸ್ವತಃ ಜೋಡಿಸುವುದು ಈ ಸೈಕಲ್ಲಿನ ಹುಟ್ಟುಗುಣ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಮರಿನ್ ಕೌಂಟಿಯಲ್ಲಿ ಕೆಲವು ತರುಣರು ದಪ್ಪ ಟೈರಿನ ಹಳೆಯ ಸೈಕಲ್ಲುಗಳಿಗೆ ಬೇರೆಡೆಯ ಗೇರು, ಬ್ರೇಕುಗಳನ್ನು ಜೋಡಿಸಿ ಟಮಲ್ಪಾಯಸ್ ಬೆಟ್ಟದ ಮಣ್ಣುದಾರಿಗಳಲ್ಲಿ ಇಳಿಯುತ್ತಿದ್ದರು. ಅಲ್ಲಿ 1976ರಲ್ಲಿ ಆರಂಭವಾದ ಇಳಿಜಾರಿನ ಸ್ಪರ್ಧೆಗೆ ‘ರೀಪ್ಯಾಕ್’ ಎಂದು ಹೆಸರು. ಕೆಳಗೆ ತಲಪುವಷ್ಟರಲ್ಲಿ ಹಿಂದಿನ ಹಬ್ಬಿನ ಬ್ರೇಕು ಕಾದು ಗ್ರೀಸು ಸುಟ್ಟುಹೋಗುತ್ತಿತ್ತು; ಅದನ್ನು ಮತ್ತೆ ತುಂಬಬೇಕಾಗುತ್ತಿತ್ತು. ಹೆಸರು ಬಂದದ್ದು ಹಾಗೆ. ಆ ಬಳಗದ ಜೋ ಬ್ರೀಝ್ 1977ರಲ್ಲಿ ಇಂಥ ಸವಾರಿಗೆಂದೇ ಹೊಸ ಫ್ರೇಮು ಕಟ್ಟಿದರು.

ಮೊದಲು ದಾರಿ, ಆಮೇಲೆ ಸೈಕಲ್ಲು

ಮುಂದೆ ಫೋರ್ಕಿನಲ್ಲಿಯೂ ಹಿಂದೆ ಫ್ರೇಮಿನಲ್ಲಿ ಕೂರಿಸಿದ ಶಾಕ್‌ನಲ್ಲಿಯೂ ಕುಲುಕಾಟ ನುಂಗುವ ವ್ಯವಸ್ಥೆ ಇದ್ದರೆ ಅದನ್ನು ಫುಲ್ ಸಸ್ಪೆನ್ಷನ್ ಎನ್ನುತ್ತಾರೆ. ಚಕ್ರವು ಎಷ್ಟು ಮಿಲಿಮೀಟರ್ ಮೇಲೆ ಸರಿಯಬಲ್ಲದೋ ಅದು ಅದರ ಚಲನೆಯ ಅಳತೆ. ಏರು, ಸಮತಟ್ಟು, ಸಾಧಾರಣ ಇಳಿಜಾರು ಸೇರಿದ ದೂರದ ಸವಾರಿಗೆ 100ರಿಂದ 120 ಮಿ.ಮೀ. ಸಾಕು. ಕಲ್ಲುಬೇರುಗಳ ದಾರಿಗೆ 130ರಿಂದ 150 ಬೇಕಾದೀತು. ಕಡಿದಾದ ಇಳಿಜಾರಿನ ಸ್ಪರ್ಧೆಯ ಸೈಕಲ್ಲುಗಳಲ್ಲಿ ಇದು ಸುಮಾರು 200 ಮಿ.ಮೀ. ಚಲನೆ ಹೆಚ್ಚಿದಂತೆ ಫ್ರೇಮು, ಫೋರ್ಕು, ಟೈರು ಎಲ್ಲವೂ ಭಾರವಾಗುತ್ತವೆ. ಆದ್ದರಿಂದ ತೂಕ ಇಳಿಸುವ ಮೊದಲ ಉಪಾಯ ದುಬಾರಿ ಬಿಡಿಭಾಗವಲ್ಲ. ನಮಗೆ ಬೇಕಿಲ್ಲದ ಚಲನೆಯನ್ನು ಕೊಳ್ಳದಿರುವುದು. ನಮ್ಮ ದಾರಿ ಯಾವುದೆಂದು ನಿರ್ಧರಿಸುವಾಗ ಅಭಯಾರಣ್ಯದ ಒಳದಾರಿಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಪ್ರವೇಶವಿಲ್ಲ.

ಎರಡು ಕಿಲೋ ಎಂದರೆ ಎಷ್ಟು?

ಉದಕಮಂಡಲದ ಎತ್ತರ ಸುಮಾರು 2,240 ಮೀಟರ್. ದೊಡ್ಡಬೆಟ್ಟದ ನೆತ್ತಿ 2,637 ಮೀಟರ್. ನಡುವೆ ಸುಮಾರು 400 ಮೀಟರ್ ಏರು. 65 ಕಿಲೋ ತೂಕದ ಸವಾರನು 15 ಕಿಲೋ ಸೈಕಲ್ಲಿನಲ್ಲಿ ಈ ಏರನ್ನು ಹತ್ತಿದರೆ ಗುರುತ್ವದ ವಿರುದ್ಧ ಮಾಡುವ ಕೆಲಸ 80 × 9.8 × 400, ಅಂದರೆ ಸುಮಾರು 314 ಕಿಲೋಜೂಲ್. ಸೈಕಲ್ಲು 13 ಕಿಲೋಗೆ ಇಳಿದರೆ ಅದು ಸುಮಾರು 306 ಕಿಲೋಜೂಲ್. ಉಳಿತಾಯ ನೂರಕ್ಕೆ ಎರಡೂವರೆ. ಅದೇ ಶಕ್ತಿಯಿಂದ ತುಳಿದರೆ 40 ನಿಮಿಷದ ಏರಿನಲ್ಲಿ ಸುಮಾರು ಒಂದು ನಿಮಿಷ ಉಳಿಯುತ್ತದೆ.

ಸ್ಪರ್ಧಿಗೆ ಒಂದು ನಿಮಿಷ ದೊಡ್ಡದು. ಭಾನುವಾರದ ಸವಾರನಿಗೆ ಅದಕ್ಕಾಗಿ ಐವತ್ತು ಸಾವಿರ ರೂಪಾಯಿ ಸುರಿಯುವುದು ಯೋಚಿಸಬೇಕಾದ ಮಾತು. ಆದರೆ ಒಟ್ಟು ತೂಕ ಮಾತ್ರವೇ ಎಲ್ಲವೂ ಅಲ್ಲ. ಅದು ಸೈಕಲ್ಲಿನ ಯಾವ ಭಾಗದಲ್ಲಿದೆ ಎಂಬುದರಲ್ಲಿ ಹೆಚ್ಚಿನ ಗುಟ್ಟಿದೆ.

ಚಕ್ರದ ತೂಕ ಏಕೆ ಬೇರೆ?

ರಿಮ್ಮು ಮತ್ತು ಟೈರಿನ ತೂಕವು ಮುಂದಕ್ಕೂ ಸಾಗಬೇಕು, ಸುತ್ತಲೂ ಬೇಕು. ಆದ್ದರಿಂದ ವೇಗ ಹೆಚ್ಚಿಸಿಕೊಳ್ಳುವಾಗ ಅಲ್ಲಿನ ಒಂದು ಗ್ರಾಂ ಸುಮಾರು ಎರಡು ಗ್ರಾಂನಂತೆ ವರ್ತಿಸುತ್ತದೆ. ಒಂದೇ ವೇಗದಲ್ಲಿ ಏರುವಾಗ ಈ ವ್ಯತ್ಯಾಸವಿಲ್ಲ. ಆದರೆ ತಿರುವು ಮುಗಿದಾಗಲೆಲ್ಲ, ಕಲ್ಲು ದಾಟಿದಾಗಲೆಲ್ಲ ಮತ್ತೆ ವೇಗ ಪಡೆಯಬೇಕಾದ ಕಾಡುದಾರಿಯಲ್ಲಿ ಅದು ಕಾಲಿಗೆ ತಿಳಿಯುತ್ತದೆ.

ಎರಡನೆಯ ಕಾರಣ ಫುಲ್ ಸಸ್ಪೆನ್ಷನ್ ಸೈಕಲ್ಲಿಗೆ ವಿಶೇಷವಾದುದು. ಚಕ್ರ, ಟೈರು, ಕ್ಯಾಸೆಟ್, ಹಿಂದಿನ ತೋಳು, ಇವು ಸ್ಪ್ರಿಂಗಿನ ಕೆಳಗಿನ ತೂಕ. ಸವಾರನೂ ಫ್ರೇಮಿನ ಮುಂಭಾಗವೂ ಸ್ಪ್ರಿಂಗಿನ ಮೇಲಿನ ತೂಕ. ಕೆಳಗಿನ ತೂಕಕ್ಕೆ ಜಡತ್ವ ಕಡಿಮೆಯಿದ್ದಷ್ಟೂ ಚಕ್ರವು ಕಲ್ಲಿಗೆ ಬಡಿದ ಕೂಡಲೇ ಮೇಲೆದ್ದು ಬೇಗನೆ ನೆಲಕ್ಕೆ ಮರಳುತ್ತದೆ. ಟೈರು ನೆಲದಲ್ಲಿದ್ದಾಗ ಮಾತ್ರ ಹಿಡಿತ. ಹಿಡಿತವಿದ್ದಾಗ ಮಾತ್ರ ಬ್ರೇಕು. ಆದ್ದರಿಂದ ಹಣ ಮಿತವಾಗಿದ್ದರೆ ಅದನ್ನು ಮೊದಲು ಚಕ್ರಗಳಿಗೆ ವಿನಿಯೋಗಿಸಬೇಕೆಂಬುದು ನಮ್ಮ ಅಭಿಪ್ರಾಯ.

ಇಲ್ಲಿ ಅಗ್ಗದ ಉಪಾಯವೂ ಒಂದಿದೆ. 29 ಇಂಚಿನ ಸಾಮಾನ್ಯ ಟ್ಯೂಬು ಸುಮಾರು 200 ಗ್ರಾಂ ತೂಗುತ್ತದೆ. ರಿಮ್ಮೂ ಟೈರೂ ಟ್ಯೂಬ್‌ಲೆಸ್‌ಗೆ ಒಗ್ಗುವಂತಿದ್ದರೆ ಟ್ಯೂಬು ತೆಗೆದು, ರಿಮ್ಮಿಗೆ ಟೇಪು ಸುತ್ತಿ, 80ರಿಂದ 100 ಮಿಲಿಲೀಟರ್ ಸೀಲೆಂಟ್ ದ್ರವ ಹಾಕಬಹುದು. ಪ್ರತಿ ಚಕ್ರಕ್ಕೂ ಸುಮಾರು ನೂರು ಗ್ರಾಂ ಉಳಿಯುತ್ತದೆ. ಚಿಕ್ಕ ಮುಳ್ಳಿನ ತೂತು ತಾನೇ ಮುಚ್ಚಿಕೊಳ್ಳುತ್ತದೆ.

ತೂಕದ ಪಟ್ಟಿ

ಕೊಳ್ಳುವ ಮುನ್ನವೇ ಒಂದು ಪಟ್ಟಿ ಬರೆಯಬೇಕು. 120 ಮಿ.ಮೀ. ಚಲನೆಯ, ಅತಿ ದುಬಾರಿಯಲ್ಲದ ಹಗುರ ಸೈಕಲ್ಲಿಗೆ ಒಂದು ಅಂದಾಜು ಹೀಗಿರುತ್ತದೆ, ಗ್ರಾಂಗಳಲ್ಲಿ:

- ಶಾಕ್ ಸಹಿತ ಫ್ರೇಮು: 2,600
- ಫೋರ್ಕು: 1,600
- ಚಕ್ರಗಳ ಜೋಡಿ: 1,600
- ಟೈರುಗಳು, ಸೀಲೆಂಟ್, ಟೇಪು, ವಾಲ್ವು: 1,660
- ಕ್ರ್ಯಾಂಕು, ಕ್ಯಾಸೆಟ್, ಚೈನು, ಡಿರೇಲರ್, ಶಿಫ್ಟರ್: 1,910
- ಬ್ರೇಕುಗಳು, ಡಿಸ್ಕುಗಳು: 850
- ಹ್ಯಾಂಡಲು, ಸ್ಟೆಮ್, ಹಿಡಿಗಳು, ಹೆಡ್‌ಸೆಟ್: 500
- ಸೀಟು, ಏರಿಳಿಯುವ ಸೀಟುಕಂಬ: 770
- ಪೆಡಲುಗಳು: 400
- ಆಕ್ಸಲ್ ಮತ್ತಿತರ: 100

ಒಟ್ಟು 11,990, ಅಂದರೆ 12 ಕಿಲೋ. ಪೆಟ್ಟಿಗೆಯ ಮೇಲೆ ಮುದ್ರಿಸಿದ ತೂಕವನ್ನು ನಂಬಿ ಕೂರಬಾರದು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ ಪಟ್ಟಿಯನ್ನು ತಿದ್ದುತ್ತ ಹೋಗಬೇಕು.

ಈ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಕಲಮು ಇರಲಿ: ಒಂದು ಗ್ರಾಂ ಇಳಿಸಲು ಎಷ್ಟು ರೂಪಾಯಿ? ಶಿಮಾನೋದ 12 ಗೇರಿನ, 10ರಿಂದ 51 ಹಲ್ಲಿನ ಕ್ಯಾಸೆಟ್ಟನ್ನೇ ನೋಡೋಣ. ಡಿಯೋರ್ ದರ್ಜೆಯದು ಸುಮಾರು 590 ಗ್ರಾಂ, ಎಕ್ಸ್‌ಟಿ ಸುಮಾರು 470, ಎಕ್ಸ್‌ಟಿಆರ್ ಸುಮಾರು 370. ಬೆಲೆಯ ವ್ಯತ್ಯಾಸವನ್ನು ಗ್ರಾಂನ ವ್ಯತ್ಯಾಸದಿಂದ ಭಾಗಿಸಿದರೆ ಮೇಲಿನ ಮೆಟ್ಟಿಲು ಎಷ್ಟು ದುಬಾರಿ ಎಂಬುದು ತಾನಾಗಿಯೇ ತಿಳಿಯುತ್ತದೆ. ಬಿಡಿಯಾಗಿ ಕೊಂಡ ಭಾಗಗಳ ಒಟ್ಟು ಬೆಲೆ ಸಾಮಾನ್ಯವಾಗಿ ಸಿದ್ಧ ಸೈಕಲ್ಲಿಗಿಂತ ಹೆಚ್ಚು. ಆದ್ದರಿಂದ ಒಳ್ಳೆಯ ಫ್ರೇಮಿನ ಸಿದ್ಧ ಸೈಕಲ್ಲು ಕೊಂಡು ಚಕ್ರ, ಟೈರುಗಳನ್ನು ಮಾತ್ರ ಬದಲಿಸುವುದೂ ಗೌರವದ ದಾರಿಯೇ.

ಹೊಂದಾಣಿಕೆ

ಜೋಡಿಸುವವರಿಗೆ ದೊಡ್ಡ ಎಡವುಗಲ್ಲು ಅಳತೆಗಳದ್ದು. ಇಂದಿನ ಹೆಚ್ಚಿನ ಫ್ರೇಮುಗಳಿಗೆ ಬೂಸ್ಟ್ ಅಳತೆಯ ಹಬ್ಬುಗಳು ಬೇಕು: ಮುಂದೆ 110, ಹಿಂದೆ 148 ಮಿ.ಮೀ. ಅಗಲ. ಹಳೆಯ ಫ್ರೇಮುಗಳಲ್ಲಿ 100 ಮತ್ತು 142 ಇರುತ್ತವೆ. ಕ್ಯಾಸೆಟ್ ಕೂರುವ ಹಬ್ಬಿನ ಭಾಗ ಶಿಮಾನೋದ ಮೈಕ್ರೋ ಸ್ಪ್ಲೈನೋ, ಸ್ರಾಮ್‌ನ ಎಕ್ಸ್‌ಡಿಯೋ ಎಂಬುದನ್ನು ನೋಡಬೇಕು. ಕ್ರ್ಯಾಂಕಿನ ಬೇರಿಂಗು ತಿರುಪಿನದೋ ಒತ್ತಿ ಕೂರಿಸುವುದೋ ಎಂದು ಗಮನಿಸಬೇಕು. ಶಾಕಿಗೆ ಉದ್ದ ಮತ್ತು ಒಳಚಲನೆ ಎರಡೂ ಕೂಡಿಬರಬೇಕು. 190 × 45 ಎಂದು ಕೇಳುವ ಫ್ರೇಮಿಗೆ 210 × 50 ಕೂರುವುದಿಲ್ಲ.

ಹಳೆಯ ಕಾರ್ಬನ್ ಫ್ರೇಮನ್ನು ಅಗ್ಗವೆಂದು ಕೊಳ್ಳುವಾಗ ಎಚ್ಚರ ಬೇಕು. ಬಿದ್ದು ಒಳಗೆ ಬಿರುಕು ಬಿಟ್ಟ ಕಾರ್ಬನ್ ಹೊರಗೆ ಚೆಲುವಾಗಿಯೇ ಕಾಣಬಹುದು.

ಎಲ್ಲಿ ಹಗುರವಾಗಬಾರದು

ಬ್ರೇಕಿನ ಡಿಸ್ಕನ್ನು ಚಿಕ್ಕದಾಗಿಸಿ ಗ್ರಾಂ ಉಳಿಸಬಾರದು. ಉದ್ದನೆಯ ಇಳಿಜಾರಿನಲ್ಲಿ ಚಿಕ್ಕ ಡಿಸ್ಕು ಬೇಗ ಕಾಯುತ್ತದೆ. ಮುಂದೆ 180 ಮಿ.ಮೀ. ಇರಲಿ. ಬ್ರೇಕನ್ನೂ ಸ್ಟೆಮ್ಮನ್ನೂ ಹಿಡಿದಿರುವ ಬೋಲ್ಟುಗಳಿಗೆ ಅಲ್ಯೂಮಿನಿಯಂ ಬೋಲ್ಟು ಬೇಡ. ತೆಳ್ಳನೆಯ ಟೈರು ಕಲ್ಲುದಾರಿಯಲ್ಲಿ ಬದಿ ಹರಿದುಕೊಂಡರೆ ಉಳಿದ ನೂರು ಗ್ರಾಂ ಸೈಕಲ್ಲನ್ನು ಹೊತ್ತು ನಡೆಯುವಾಗ ನೆನಪಾಗುತ್ತದೆ. ಸವಾರನ ತೂಕದ ಮಿತಿ ನಮೂದಿಸಿದ ಹ್ಯಾಂಡಲು, ಚಕ್ರಗಳ ವಿಷಯದಲ್ಲಿ ಆ ಮಿತಿಯನ್ನು ಮೀರಬಾರದು. ಹೆಲ್ಮೆಟ್ಟಂತೂ ಪಟ್ಟಿಯ ಹೊರಗೇ ಇರಲಿ.

ಜೋಡಿಸುವಾಗ

ಸಾಮಾನ್ಯ ಸೈಕಲ್ಲಿಗಿಲ್ಲದ ಒಂದು ಹೆಜ್ಜೆ ಇಲ್ಲಿದೆ. ಹಿಂದಿನ ಚಕ್ರ ಮೇಲೆ ಸರಿದಾಗ ಕ್ರ್ಯಾಂಕಿಗೂ ಹಿಂದಿನ ಆಕ್ಸಲ್ಲಿಗೂ ನಡುವಣ ದೂರ ಸಾಮಾನ್ಯವಾಗಿ ಹೆಚ್ಚುತ್ತದೆ. ಆದ್ದರಿಂದ ಶಾಕಿನ ಗಾಳಿ ತೆಗೆದು, ಹಿಂಭಾಗವನ್ನು ಒತ್ತಿ, ಆ ದೂರ ಅತಿ ಹೆಚ್ಚಿರುವಲ್ಲಿ ಚೈನಿನ ಉದ್ದವನ್ನು ನಿರ್ಧರಿಸಬೇಕು. ಹಾಗೆ ಮಾಡದೆ ಚಿಕ್ಕದಾಗಿ ಕತ್ತರಿಸಿದರೆ ದೊಡ್ಡ ಕುಲುಕಿನಲ್ಲಿ ಡಿರೇಲರ್ ಕಿತ್ತುಬರುತ್ತದೆ. ಅದೇ ಸ್ಥಿತಿಯಲ್ಲಿ ಟೈರು ಫ್ರೇಮಿಗೆ ತಾಗುವುದೇ, ಬ್ರೇಕಿನ ಕೊಳವೆ ಎಳೆಯುವುದೇ ಎಂದೂ ನೋಡಿಕೊಳ್ಳಬೇಕು.

ಟಾರ್ಕ್ ರೆಂಚ್ ಇಲ್ಲದೆ ಕೆಲಸಕ್ಕೆ ಕೈ ಹಾಕಬಾರದು. ಸ್ಟೆಮ್ಮಿನ ಬೋಲ್ಟಿಗೆ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್, ಕ್ಯಾಸೆಟ್ಟಿಗೆ 40. ಆಯಾ ಭಾಗದ ಮೇಲೆ ಬರೆದಿರುವ ಅಂಕಿಯೇ ಕೊನೆಯ ಮಾತು. ಎಡ ಪೆಡಲಿನ ತಿರುಪು ಉಲ್ಟಾ. ಶಿಮಾನೋ ಬ್ರೇಕಿಗೆ ಮಿನರಲ್ ಆಯಿಲ್. ಡಾಟ್ ದ್ರವ ಕೇಳುವ ಬ್ರೇಕಿಗೆ ಅದನ್ನು ಹಾಕಿದರೆ ಒಳಗಿನ ರಬ್ಬರು ಕೆಡುತ್ತದೆ. ಫೋರ್ಕಿನ ಕೊಳವೆಯನ್ನು ಕತ್ತರಿಸುವ ಮೊದಲು ಎರಡು ಬಾರಿ ಅಳೆಯಬೇಕು. ಕತ್ತರಿಸಿದ್ದು ಮತ್ತೆ ಬೆಳೆಯುವುದಿಲ್ಲ.

ಸವಾರನಿಗೆ ಹೊಂದಿಸುವುದು

ಚಕ್ರ 120 ಮಿ.ಮೀ. ಸರಿದಾಗ ಶಾಕು 45 ಮಿ.ಮೀ. ಕುಗ್ಗುತ್ತದೆ ಎಂದಾದರೆ ಅನುಪಾತ ಸರಾಸರಿ 2.67. ಇದು ಸನ್ನೆಯ ತತ್ತ್ವ: ಚಲನೆ ಕಡಿಮೆಯಾದಷ್ಟು ಬಲ ಹೆಚ್ಚು. ಸವಾರಿಯ ಉಡುಪಿನಲ್ಲಿ, ನೀರಿನ ಬಾಟಲಿ ಸಹಿತ ಸೈಕಲ್ಲೇರಿ ನಿಂತಾಗ ಶಾಕು ತನ್ನ ಚಲನೆಯ ಸುಮಾರು ಕಾಲುಭಾಗ, ಇಲ್ಲಿ 11 ಮಿ.ಮೀ., ಕುಗ್ಗುವಂತೆ ಗಾಳಿ ತುಂಬಬೇಕು. ಶಾಕಿನ ಮೇಲಿನ ರಬ್ಬರು ಉಂಗುರ ಆ ಅಳತೆಯನ್ನು ತೋರಿಸುತ್ತದೆ. ಗಾಳಿ ಹೆಚ್ಚಾದರೆ ಚಕ್ರ ಕಲ್ಲಿನಿಂದ ಕಲ್ಲಿಗೆ ಪುಟಿಯುತ್ತದೆ. ಕಡಿಮೆಯಾದರೆ ಏರಿನಲ್ಲಿ ಕುಸಿದು ಶಕ್ತಿ ನುಂಗುತ್ತದೆ. 12 ಕಿಲೋದ ಸೈಕಲ್ಲು ಸರಿಯಾಗಿ ಹೊಂದಿಸದಿದ್ದರೆ, ಸರಿಯಾಗಿ ಹೊಂದಿಸಿದ 14 ಕಿಲೋದ ಸೈಕಲ್ಲಿಗಿಂತ ಹಿಂದೆ ಬೀಳಬಹುದು. ಈ ಕೆಲಸಕ್ಕೆ ಬೇಕಾದುದು ಒಂದು ಶಾಕ್ ಪಂಪು, ಒಂದು ಅಳತೆಪಟ್ಟಿ, ಸ್ವಲ್ಪ ತಾಳ್ಮೆ.

ಮೊದಲ ಕೆಲವು ಸವಾರಿಗಳ ಬಳಿಕ ಎಲ್ಲ ಬೋಲ್ಟುಗಳನ್ನೂ ಮತ್ತೆ ಪರೀಕ್ಷಿಸಬೇಕು. ಹೊಸ ಜೋಡಣೆ ಸಡಿಲವಾಗುವುದು ಆಗಲೇ. ತೂಕದ ಪಟ್ಟಿ, ಟಾರ್ಕಿನ ಅಂಕಿ, ಶಾಕಿನ ಗಾಳಿಯ ಒತ್ತಡ, ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿಯೇ ಬರೆದಿಡುವಂತೆ ನಮ್ಮ ಕಿರಿಯರಿಗೆ ಹೇಳುತ್ತೇವೆ. ಊರಿನಲ್ಲಿ ಮುಂದೆ ಇನ್ನೊಬ್ಬರು ಜೋಡಿಸಲು ಹೊರಟಾಗ ಅವರಿಗೆ ಆ ನೋಟ್‌ಬುಕ್ಕೇ ಮೊದಲ ಪಾಠವಾಗುತ್ತದೆ.